ಬೆನ್ನುಜ್ಜಿದ್ದು ಲೆಕ್ಕಕ್ಕಿಲ್ಲ

ಬೆಂಗಳೂರಿನ ಸಾರಕ್ಕಿಯ ನಮ್ಮ ಅಡ್ಡರಸ್ತೆಯಲ್ಲಿ ಹಿರಿಯರ ಯೋಗಕ್ಷೇಮ ವಿಚಾರಿಸುವುದಕ್ಕೆ ಒಂದು ಕ್ರಮವಿದೆ. ಕಾಂಪೌಂಡಿನ ಈಚೆಯಿಂದ "ಅಮ್ಮ ಹೇಗಿದ್ದಾರೆ?" ಅಂತ ಕೇಳಬೇಕು. ಆಚೆಯಿಂದ "ಅವರ ಕೆಲಸ ಅವರು ಮಾಡ್ಕೋತಾರೆ, ಅಷ್ಟು ಸಾಕು" ಅಂತ ಉತ್ತರ ಬರಬೇಕು. ಸಕ್ಕರೆ ಎಷ್ಟಿದೆ, ಬಿಪಿ ಎಷ್ಟಿದೆ, ಮಂಡಿಯ ಎಕ್ಸ್‌ರೇ ನೋಡಿ ಡಾಕ್ಟರು ಏನಂದರು, ಅದೆಲ್ಲ ಪುರುಸೊತ್ತಿದ್ದರೆ ಆಮೇಲಿನ ಮಾತು.

ಪಕ್ಕದ ಮನೆ ರಾಯರು ಬ್ಯಾಂಕಿನಿಂದ ರಿಟೈರಾದವರು. ಇಂಥ ಅಂದಾಜಿನ ಮಾತು ಅವರಿಗೆ ಆಗಿಬರುವುದಿಲ್ಲ. "ಅವರ ಕೆಲಸ ಅಂದ್ರೆ ಯಾವ್ಯಾವ ಕೆಲಸ? ಮಾಡ್ಕೋತಾರೆ ಅಂದ್ರೆ ಎಷ್ಟರಮಟ್ಟಿಗೆ? ಅದಕ್ಕೊಂದು ಅಳತೆ ಅನ್ನೋದು ಬೇಡವೇನ್ರಿ?" ಎಂದು ಗೋಡೆಗೆ ಮೊಣಕೈ ಊರಿ ನಿಂತರು. ಅಳತೆ ಇಲ್ಲದೇ ಏನು ರಾಯರೇ, ಅರವತ್ತು ವರ್ಷದಿಂದ ಇದೆ, ಅದೂ ಒಂದಲ್ಲ ಹತ್ತಾರು, ಅಂದೆ. ಈ ಅಳತೆಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುವುದು ನನಗೊಂದು ಚಟ. ಕೇಳುವವರು ಸಿಕ್ಕಿದರೆ ಬಿಡುವುದುಂಟೇ?

ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಸಿಡ್ನಿ ಕಾಟ್ಜ್ ಎಂಬ ವೈದ್ಯರಿದ್ದರು. ಸೊಂಟದ ಮೂಳೆ ಮುರಿದುಕೊಂಡು ಬಂದ ಮುದುಕರು ಹೇಗೆ ಚೇತರಿಸಿಕೊಳ್ಳುತ್ತಾರೆ ಎಂದು ನೋಡುತ್ತಾ ಆರು ಕೆಲಸಗಳ ಪಟ್ಟಿ ಮಾಡಿದರು. ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಕಕ್ಕಸಿಗೆ ಹೋಗಿಬರುವುದು, ಹಾಸಿಗೆಯಿಂದ ಏಳುವುದು, ಮಲಮೂತ್ರದ ಹಿಡಿತ, ಊಟ. 1963ರಲ್ಲಿ ಅದು ಪ್ರಕಟವಾಯಿತು, ಇವತ್ತಿಗೂ ಆಸ್ಪತ್ರೆಗಳಲ್ಲಿ ಓಡುತ್ತಿದೆ. ಅವರು ಕಂಡುಕೊಂಡದ್ದರಲ್ಲಿ ನನಗೆ ಬಹಳ ಹಿಡಿಸಿದ್ದು ಅದರ ಸರದಿ. ಮನುಷ್ಯನ ಕೈ ಮೊದಲು ತಪ್ಪುವುದು ಸ್ನಾನ, ಕಡೆಯದಾಗಿ ಬಿಡುವುದು ಊಟ. ಮಗು ಯಾವ ಕ್ರಮದಲ್ಲಿ ಕಲಿಯುತ್ತದೋ ಅದರ ತಿರುವುಮುರುವು. ನಮ್ಮ ಹೆಂಗಸರಿಗೆ ಇದು ಕಾಟ್ಜ್ ಹೇಳದೆಯೂ ಗೊತ್ತಿತ್ತು ಅನ್ನಿ. "ಸ್ನಾನಕ್ಕೆ ಒಬ್ಬರು ಬೇಕು ಈಗ" ಎಂದು ಯಾರಾದರೂ ಹೇಳಿದರೆ ಕೇಳಿದವರ ಮುಖ ಆ ಕ್ಷಣವೇ ಬದಲಾಗುತ್ತದೆ.

ಆ ಪಟ್ಟಿಯ ಸಣ್ಣಕ್ಷರದಲ್ಲಿ ಒಂದು ವಿನಾಯಿತಿಯಿದೆ. ಬೆನ್ನಿನಂಥ ಒಂದೇ ಒಂದು ಭಾಗವನ್ನು ಉಜ್ಜಲು ಇನ್ನೊಬ್ಬರ ಸಹಾಯ ಪಡೆದರೆ ಅದು ಲೆಕ್ಕಕ್ಕಿಲ್ಲ. ನೀವು ಸ್ವತಂತ್ರರೇ. ರಾಯರಿಗೆ ಇದು ಪರಮ ಸಂತೋಷವಾಯಿತು. ಭಾನುವಾರದ ಎಣ್ಣೆಸ್ನಾನದಲ್ಲಿ ಬೆನ್ನು ಉಜ್ಜಿಸಿಕೊಳ್ಳುವುದು ಅವರ ಮನೆಯಲ್ಲಿ ಮದುವೆಯಾದಾಗಿನಿಂದ ನಡೆದುಬಂದ ಪದ್ಧತಿ. ಊಟಕ್ಕೂ ಹೀಗೇ ವಿನಾಯಿತಿಯುಂಟು: ಮಾಂಸ ಕತ್ತರಿಸಿಕೊಟ್ಟರೆ, ಬ್ರೆಡ್ಡಿಗೆ ಬೆಣ್ಣೆ ಸವರಿಕೊಟ್ಟರೆ ಅದು ಸಹಾಯವಲ್ಲ. "ಮೊಸರನ್ನ ಕಲಸಿಕೊಟ್ರೆ?" ಎಂದರು. ಬರೆದಿಲ್ಲ. ಕ್ಲೀವ್‌ಲ್ಯಾಂಡಿನಲ್ಲಿ ಮೊಸರನ್ನದ ಪ್ರಶ್ನೆ ಬಂದಿರಲಾರದು.

ಪ್ರಶ್ನೆ ಒಂದೇ ಆದರೂ ಮೈಗೆ ಆಗುವ ಪರೀಕ್ಷೆ ಬೇರೆ ಬೇರೆ. ಅಲ್ಲಿ ಸ್ನಾನವೆಂದರೆ ತೊಟ್ಟಿಯ ಅಂಚು ದಾಟುವುದು. ಇಲ್ಲಿ ಗೇಣೆತ್ತರದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು, ಬಕೆಟ್ಟಿಗೆ ಬಗ್ಗಿ, ತುಂಬಿದ ಚೊಂಬನ್ನು ತಲೆಯ ಮೇಲಕ್ಕೆ ಎತ್ತುವುದು. ಭುಜ ಹಿಡಿದುಕೊಂಡವರಿಗೆ ಅದೇ ದೊಡ್ಡ ಕಷ್ಟ. ಇನ್ನು ಕುಕ್ಕರುಗಾಲಿನಲ್ಲಿ ಕೂರುವ ಕಕ್ಕಸಿನ ಮಾತು ಬೇಡ, ಆ ಒಂದು ಕಾರಣಕ್ಕೆ ಹುಟ್ಟೂರಿನ ಮನೆಗೆ ಹೋಗುವುದನ್ನೇ ಬಿಟ್ಟವರು ಈ ರಸ್ತೆಯಲ್ಲೇ ಇದ್ದಾರೆ. ಇಲ್ಲಿ ಕೇಳಿದರೆ ಏನೂ ತೊಂದರೆಯಿಲ್ಲ. ಊರಿನಲ್ಲಿ ಕೇಳಿದರೆ ಪರಾವಲಂಬಿ.

ಇಷ್ಟು ಹೊತ್ತಿಗೆ ರಾಯರ ಮನೆಯವರು ಬಟ್ಟೆ ಒಣಹಾಕಲು ಬಂದರು. ಒಳ್ಳೆ ಸಮಯಕ್ಕೇ ಬಂದರು, ಯಾಕೆಂದರೆ ಮುಂದಿನ ಅಳತೆ ಅವರಿಗೇ ಸೇರಿದ್ದು. ಮೈಗೆ ಸಂಬಂಧಿಸಿದ ಆರು ಕೆಲಸ ಮಾಡಿಕೊಂಡ ಮಾತ್ರಕ್ಕೆ ಸಂಸಾರ ನಡೆಯುವುದಿಲ್ಲವಲ್ಲ. 1969ರಲ್ಲಿ ಲಾಟನ್ ಮತ್ತು ಬ್ರೋಡಿ ಎಂಬಿಬ್ಬರು ಇನ್ನೂ ಎಂಟು ಸೇರಿಸಿದರು: ಫೋನು ಮಾಡುವುದು, ಅಂಗಡಿಗೆ ಹೋಗಿಬರುವುದು, ಅಡಿಗೆ, ಮನೆಗೆಲಸ, ಬಟ್ಟೆ ಒಗೆಯುವುದು, ಬಸ್ಸು ಕಾರಿನಲ್ಲಿ ಓಡಾಡುವುದು, ಮಾತ್ರೆ ಸರಿಯಾಗಿ ತೆಗೆದುಕೊಳ್ಳುವುದು, ದುಡ್ಡಿನ ವ್ಯವಹಾರ. ಆಗಿನ ವಾಡಿಕೆಯಂತೆ ಹೆಂಗಸರಿಗೆ ಎಂಟಕ್ಕೆ ಅಂಕ, ಗಂಡಸರಿಗೆ ಐದಕ್ಕೆ. ಅಡಿಗೆ, ಮನೆಗೆಲಸ, ಬಟ್ಟೆ ಒಗೆಯುವುದು ಗಂಡಸರ ಲೆಕ್ಕದಿಂದ ಹೊರಗೆ.

"ಅಂದ್ರೆ ಇವರಿಗೆ ಫುಲ್ ಮಾರ್ಕ್ಸಾ?" ಎಂದು ಆಕೆ ಒದ್ದೆ ಲುಂಗಿಯನ್ನು ಫಟ್ಟನೆ ಒದರಿದರು. ರಾಯರು ಮಾತಾಡಲಿಲ್ಲ.

ತಮಾಷೆಗೆ ಹೇಳಿದರೂ ತೊಡಕು ಇರುವುದೇ ಅಲ್ಲಿ. ಕೈಲಾಗುವುದಿಲ್ಲ ಎನ್ನುವುದು ಒಂದು, ಮಾಡಿ ಅಭ್ಯಾಸವಿಲ್ಲ ಎನ್ನುವುದು ಇನ್ನೊಂದು, ಮಾಡಲು ಬಿಡುವುದಿಲ್ಲ ಎನ್ನುವುದು ಮತ್ತೊಂದು. ಕಾಗದದ ಮೇಲೆ ಮೂರಕ್ಕೂ ಒಂದೇ ಚೌಕ. ಎಪ್ಪತ್ತರ ಗಂಡಸು ಹೆಂಡತಿ ಹೋದ ಮೇಲೆ ಒಲೆ ಹಚ್ಚಲು ತಡಕಾಡಿದರೆ ಅದು ಮುಪ್ಪಲ್ಲ, ಐವತ್ತು ವರ್ಷ ತಟ್ಟೆಯ ಮುಂದೆ ಕೂತದ್ದರ ಫಲ. ಎಂಬತ್ತರ ಅಜ್ಜಿಗೆ ಸಾರಿನ ಹದ ಕೈಯಲ್ಲೇ ಇದೆ, ಆದರೆ ಒಂದು ದಿನ ಹಾಲುಕ್ಕಿ ಗ್ಯಾಸ್ ಆರಿಹೋದದ್ದೇ ನೆಪವಾಗಿ "ಅಮ್ಮ, ನೀವು ಒಲೆ ಹತ್ತಿರ ಬರಲೇಬೇಡಿ" ಎಂಬ ಆಜ್ಞೆ ಹೊರಟಿದೆ. ಆಕೆಗೆ ಅಡಿಗೆಯಲ್ಲಿ ಸೊನ್ನೆ. ಪ್ರೀತಿಯಿಂದ ಬಂದ ಸೊನ್ನೆ ಎಂದು ಬರೆಯಲು ಆ ಕಾಗದದಲ್ಲಿ ಜಾಗವಿಲ್ಲ.

"ನಮ್ಮ ದೇಶದಲ್ಲಿ ಇದನ್ನ ಎಣಿಸಿದ್ದಾರಾ?" ರಾಯರಿಗೆ ಅಂಕಿ ಬೇಕಾಗಿತ್ತು. ಎಣಿಸಿದ್ದಾರೆ. 2017-18ರಲ್ಲಿ ಮುಂಬೈಯ ಜನಸಂಖ್ಯಾ ಅಧ್ಯಯನ ಸಂಸ್ಥೆ ಮುಂದೆ ನಿಂತು ಲಾಸಿ ಎಂಬ ದೊಡ್ಡ ಸಮೀಕ್ಷೆ ಮಾಡಿತು. ನಲವತ್ತೈದು ದಾಟಿದವರು ಮತ್ತು ಅವರ ಬಾಳಸಂಗಾತಿಗಳು, ಒಟ್ಟು ಎಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಮಂದಿ, ಕರ್ನಾಟಕದವರೂ ಸೇರಿ. ಅರವತ್ತು ದಾಟಿದವರಲ್ಲಿ ಮೈಗೆ ಸಂಬಂಧಿಸಿದ ಆರರಲ್ಲಿ ಒಂದಾದರೂ ಕಷ್ಟ ಅಂದವರು ಹೆಚ್ಚುಕಮ್ಮಿ ಕಾಲುಭಾಗ. ಮನೆವಾರ್ತೆಯ ಕೆಲಸಗಳಲ್ಲಿ ಒಂದಾದರೂ ಕಷ್ಟ ಅಂದವರು ಹತ್ತಿರ ಹತ್ತಿರ ಅರ್ಧ. "ಅರ್ಧವೇ!" ಎಂದು ರಾಯರು ಕನ್ನಡಕ ಸರಿಮಾಡಿಕೊಂಡರು. ಆ ಅರ್ಧದಲ್ಲಿ ನಿಮ್ಮಂಥವರೆಷ್ಟು, ಆಜ್ಞೆಗೊಳಗಾದ ಅಜ್ಜಿಯರೆಷ್ಟು ಎಂದು ಬಿಡಿಸಿ ನೋಡಬೇಕು, ಅಂದೆ. ನಮ್ಮ ಹತ್ತಿರದಲ್ಲೇ, ಮಾವಿನಹಣ್ಣಿನ ಶ್ರೀನಿವಾಸಪುರದ ಹಳ್ಳಿಗಳಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದವರು ನಲವತ್ತೈದು ದಾಟಿದ ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡುತ್ತಿದ್ದಾರೆ. ಅದು ಸರಿಯಾದ ದಾರಿ ಅಂತ ನನಗನ್ನಿಸುತ್ತದೆ. ನಿನ್ನೆ ಮಾಡುತ್ತಿದ್ದದ್ದನ್ನು ಇವತ್ತು ಬಿಟ್ಟರೆ ಅದಕ್ಕೆ ಅರ್ಥವಿದೆ. ಯಾವತ್ತೂ ಮಾಡದ್ದನ್ನು ಮಾಡದಿದ್ದರೆ ಏನರ್ಥ?

ಇದು ಬರೀ ಮುದುಕರ ವಿಷಯ ಎಂದು ಯಾರೂ ತಿಳಿಯಬೇಕಾಗಿಲ್ಲ. 2011ರ ಜನಗಣತಿಯಲ್ಲಿ ಅಂಗವೈಕಲ್ಯ ಇರುವವರು ದೇಶದಲ್ಲಿ 2.68 ಕೋಟಿ, ನೂರಕ್ಕೆ 2.21 ಮಂದಿ. ಕರ್ನಾಟಕದಲ್ಲಿ 13 ಲಕ್ಷ ಚಿಲ್ಲರೆ. ಆದರೆ ವಿಶ್ವ ಆರೋಗ್ಯ ಸಂಸ್ಥೆ ಜಗತ್ತಿಗೆ ಹೇಳುವ ಲೆಕ್ಕ ನೂರಕ್ಕೆ 16. ನಾವೇನು ಏಳು ಪಟ್ಟು ಗಟ್ಟಿ ಜನವೇ? ಕೇಳುವ ರೀತಿಯಲ್ಲಿ ಬಹಳ ಇದೆ. ಅಪರಿಚಿತನೊಬ್ಬ ರಿಜಿಸ್ಟರು ಹಿಡಿದು ಬಾಗಿಲಲ್ಲಿ ನಿಂತು "ನಿಮ್ಮ ಮನೇಲಿ ಅಂಗವಿಕಲರು ಯಾರಾದರೂ ಇದ್ದಾರಾ?" ಅಂದರೆ, ಮದುವೆಗಿರುವ ಮಗಳಿರುವ ಮನೆಯಲ್ಲಿ "ಇಲ್ಲ" ಅಂತಲೇ ಬಾಗಿಲು ಹಾಕಿಕೊಳ್ಳುತ್ತಾರೆ. ಇದಕ್ಕೆಂದೇ ವಿಶ್ವಸಂಸ್ಥೆಯ ಆಸರೆಯಲ್ಲಿ 2001ರಲ್ಲಿ ವಾಷಿಂಗ್ಟನ್ ಗುಂಪು ಎಂಬುದೊಂದು ಹುಟ್ಟಿತು. ಅವರ ಚಿಕ್ಕ ಪಟ್ಟಿಯಲ್ಲಿ ಆರೇ ಪ್ರಶ್ನೆ. ನೋಡಲು ಕಷ್ಟವೇ, ಕೇಳಿಸಿಕೊಳ್ಳಲು ಕಷ್ಟವೇ, ನಡೆಯಲು ಅಥವಾ ಮೆಟ್ಟಿಲು ಹತ್ತಲು ಕಷ್ಟವೇ, ನೆನಪಿಟ್ಟುಕೊಳ್ಳಲು ಕಷ್ಟವೇ, ಸ್ನಾನ-ಬಟ್ಟೆಗೆ ಕಷ್ಟವೇ, ನಿಮ್ಮ ಮಾತು ಇತರರಿಗೆ ತಿಳಿಯಲು ಕಷ್ಟವೇ. ಇಲ್ಲ, ಸ್ವಲ್ಪ, ತುಂಬಾ, ಸಾಧ್ಯವೇ ಇಲ್ಲ, ಹೀಗೆ ನಾಲ್ಕು ಉತ್ತರ. ಅಂಗವಿಕಲರೋ ಅಲ್ಲವೋ ಎಂಬ ಮಾತೇ ಎತ್ತುವುದಿಲ್ಲ. "ಸ್ವಲ್ಪ ಕಷ್ಟ ಕಣಪ್ಪಾ" ಎನ್ನಲು ಯಾರಿಗೆ ಮುಜುಗರ? ನಮ್ಮ ಜನಕ್ಕೆ ಕಷ್ಟ ಹೇಳಿಕೊಳ್ಳುವುದು ಬಹಳ ಇಷ್ಟ.

ಕಣ್ಣಿನ ಪ್ರಶ್ನೆ ಕೇಳುವಾಗ "ಕನ್ನಡಕ ಹಾಕಿಕೊಂಡರೂ" ಎಂದು ಸೇರಿಸುತ್ತಾರೆ. ಕಿವಿಗೆ "ಯಂತ್ರ ಇಟ್ಟುಕೊಂಡರೂ". ನ್ಯಾಯವಾಗಿದೆ. ಆದರೆ ನಡಿಗೆಯ ಪ್ರಶ್ನೆಗೆ "ಫುಟ್‌ಪಾತ್ ನೆಟ್ಟಗಿದ್ದರೂ" ಎಂದು ಯಾರೂ ಸೇರಿಸಿಲ್ಲ. ಹಾಗೆ ಸೇರಿಸದೇ ಇರುವುದು ಸಾರಕ್ಕಿಯವರ ಮೇಲೆ ನಡೆದ ಅನ್ಯಾಯ ಎಂಬುದು ನನ್ನ ಖಚಿತ ಅಭಿಪ್ರಾಯ.

ನೋಡಿ, ವಿಶ್ವ ಆರೋಗ್ಯ ಸಂಸ್ಥೆಯದೇ ಇನ್ನೊಂದು ಪಟ್ಟಿಯಿದೆ, ಹೂಡಾಸ್ ಅನ್ನುತ್ತಾರೆ. ಅದನ್ನು ತಯಾರಿಸುವಾಗ ನಾನಾ ದೇಶಗಳಲ್ಲಿ ಪರೀಕ್ಷಿಸಿ ನೋಡಿದರು, ಬೆಂಗಳೂರಿನಲ್ಲೂ ನೋಡಿದರು, ಕನ್ನಡದಲ್ಲೂ ಇದೆ. ಚಿಕ್ಕದರಲ್ಲಿ ಹನ್ನೆರಡು ಪ್ರಶ್ನೆ. ಕಳೆದ ಮೂವತ್ತು ದಿನದಲ್ಲಿ ಅರ್ಧ ಗಂಟೆಯಂತೆ ಬಹಳ ಹೊತ್ತು ನಿಲ್ಲಲು ಎಷ್ಟು ಕಷ್ಟವಾಯಿತು? ಬನಶಂಕರಿ ಗುಡಿಯಲ್ಲಿ ಶುಕ್ರವಾರದ ಸಾಲಿನಲ್ಲಿ ನಿಂತ ಹೆಂಗಸರನ್ನು ಕೇಳಿದರೆ ಅರ್ಧ ಗಂಟೆಯನ್ನು ನಿಲ್ಲುವುದು ಎಂದೇ ಅವರು ಒಪ್ಪಲಾರರು. ಒಂದು ಕಿಲೋಮೀಟರಿನಂಥ ದೂರ ನಡೆಯಲು ಎಷ್ಟು ಕಷ್ಟವಾಯಿತು?

ಯಾವ ಕಿಲೋಮೀಟರು ಸ್ವಾಮಿ? ಸಾರಕ್ಕಿ ಕೆರೆಯ ದಡದಲ್ಲಿ ಬೆಳಿಗ್ಗೆ ಆರಕ್ಕೆ ಹೋದರೆ ಎಪ್ಪತ್ತೈದರ ಅಜ್ಜಂದಿರು ಕೈಬೀಸಿಕೊಂಡು ಸುತ್ತು ಹಾಕುತ್ತಿರುತ್ತಾರೆ. ಎಂಬತ್ತು ಎಕರೆಯ ಮೇಲಿನ ಕೆರೆ, 2015ರಲ್ಲಿ ಒತ್ತುವರಿ ತೆರವು ಮಾಡಿಸಿ ಉಳಿಸಿಕೊಂಡದ್ದು, ದಾರಿ ಸಮತಟ್ಟು. ಅಲ್ಲಿ ಕೇಳಿದರೆ ಕಷ್ಟ ಇಲ್ಲ. ಅದೇ ಅಜ್ಜ, ಅದೇ ಕಾಲು, ಅದೇ ದಿನ ಸಂಜೆ ಸಾರಕ್ಕಿ ಸಿಗ್ನಲ್ಲಿಗೆ ಹೊರಡಲಿ. ಗೇಟು ದಾಟಿದ ಕೂಡಲೇ ಫುಟ್‌ಪಾತಿನ ಕಲ್ಲುಚಪ್ಪಡಿ ಒಂದು ಕಡೆ ಮೆಟ್ಟಿದರೆ ಇನ್ನೊಂದು ಕಡೆ ಏಳುತ್ತದೆ. ಮುಂದೆ ಟ್ರಾನ್ಸ್‌ಫಾರ್ಮರು, ಅದಕ್ಕಾಗಿ ರಸ್ತೆಗೆ ಇಳಿಯಬೇಕು. ಇಳಿಯುವುದು ಮುಕ್ಕಾಲು ಅಡಿ. ಇಳಿದ ಮೇಲೆ ಎಳನೀರಿನ ಗಾಡಿ, ಅದರಾಚೆ ಸಾಲಾಗಿ ನಿಂತ ಸ್ಕೂಟರುಗಳು. ಹತ್ತಬೇಕು, ಮತ್ತೆ ಇಳಿಯಬೇಕು. ಫುಟ್‌ಪಾತಿನ ಮೇಲೇ ಎದುರಿಗೆ ಬಂದ ಬೈಕಿನವನು ನಮ್ಮನ್ನೇ "ನೋಡ್ಕೊಂಡ್ ಹೋಗಿ ಅಂಕಲ್" ಅನ್ನುತ್ತಾನೆ. ಕಡೆಗೆ ಕನಕಪುರ ರಸ್ತೆ ದಾಟುವುದು. ಮುಪ್ಪಿನಲ್ಲಿ ಸ್ನಾಯು ಸೊರಗುವುದನ್ನು ಅಧ್ಯಯನ ಮಾಡುವ ಏಷ್ಯಾದ ತಜ್ಞರು 2019ರಲ್ಲಿ ನಿಗದಿ ಮಾಡಿದಂತೆ ಸೆಕೆಂಡಿಗೆ ಒಂದು ಮೀಟರಿಗಿಂತ ನಿಧಾನವಾಗಿ ನಡೆದರೆ ಅದು ಮೈ ಸೊರಗಿರುವುದರ ಒಂದು ಗುರುತು. ಸಾರಕ್ಕಿ ಸಿಗ್ನಲ್ಲಿನಲ್ಲಿ ಸೊರಗಿದವರು, ಸೊರಗದವರು ಎಲ್ಲರೂ ಕೈ ಅಡ್ಡ ಹಿಡಿದು ಓಡುವುದರಿಂದ ಅಲ್ಲಿ ಯಾರ ನಿಜವಾದ ವೇಗವೂ ತಿಳಿಯುವುದಿಲ್ಲ.

ಅಜ್ಜ ಎರಡು ದಿನ ನೋಡುತ್ತಾನೆ, ಮೂರನೆಯ ದಿನ ಹೊರಡುವುದನ್ನು ಬಿಡುತ್ತಾನೆ. ಸಮೀಕ್ಷೆಯವರು ಬಂದಾಗ "ಸಂಜೆ ಹೊರಗೆ ಹೋಗಲ್ಲಪ್ಪಾ, ಆಗಲ್ಲ" ಅನ್ನುತ್ತಾನೆ. ಆಗದಿರುವುದು ರಸ್ತೆಗೆ. ಅಂಕ ಕಳೆದುಕೊಂಡದ್ದು ಅಜ್ಜ.

"ಹಾಗಂತ ಎಲ್ಲಾ ರಸ್ತೆ ಮೇಲೆ ಹಾಕಬೇಡಿ" ಎಂದು ರಾಯರ ಮನೆಯವರು ಕ್ಲಿಪ್ಪು ಸಿಕ್ಕಿಸುತ್ತಲೇ ಹೇಳಿದರು. "ಇವರು ನೆಲದ ಮೇಲೆ ಕೂತು ಎಷ್ಟು ವರ್ಷ ಆಯ್ತು ಕೇಳಿ."

ಅದೂ ನ್ಯಾಯವೇ. ಬ್ರೆಜಿಲಿನ ರಿಯೋದಲ್ಲಿ ಅರೌಜೊ ಎಂಬ ವೈದ್ಯರ ತಂಡ 51ರಿಂದ 80 ವಯಸ್ಸಿನ ಎರಡು ಸಾವಿರ ಮಂದಿಗೆ ಒಂದು ಸರಳ ಪರೀಕ್ಷೆ ಕೊಟ್ಟಿತು. ಬರಿಗಾಲಲ್ಲಿ ನಿಂತಲ್ಲಿಂದ ನೆಲಕ್ಕೆ ಕೂರಬೇಕು, ಏಳಬೇಕು. ಕೂರುವುದಕ್ಕೆ ಐದು, ಏಳುವುದಕ್ಕೆ ಐದು. ಕೈಯೂರಿದರೆ ಒಂದು ಹೋಯಿತು, ಮಂಡಿಯೂರಿದರೆ ಇನ್ನೊಂದು, ತೊಡೆಗೆ ಕೈಕೊಟ್ಟರೂ ಬಿಡುವುದಿಲ್ಲ, ತೂರಾಡಿದರೆ ಅರ್ಧ. ಕಡಿಮೆ ಅಂಕ ಬಂದವರು ಮುಂದಿನ ವರ್ಷಗಳಲ್ಲಿ ಹೆಚ್ಚಾಗಿ ತೀರಿಕೊಂಡರು ಎಂದು 2012ರಲ್ಲಿ ಬರೆದರು. ನಮ್ಮಲ್ಲಿ ಈ ಪರೀಕ್ಷೆ ಪ್ರತಿ ಮದುವೆಯಲ್ಲೂ ಸಾರ್ವಜನಿಕವಾಗಿ, ಬಾಳೆಎಲೆಯ ಮುಂದೆ ನಡೆಯುತ್ತಿತ್ತು. ಯಾವ ಭಾವ ಕೈಯೂರಿ ಎದ್ದ, ಯಾವ ದೊಡ್ಡಪ್ಪನನ್ನು ಇಬ್ಬರು ಹಿಡಿದೆತ್ತಿದರು ಎಂದು ಪಂಕ್ತಿಯಲ್ಲಿದ್ದವರೆಲ್ಲ ನೋಡುತ್ತಿದ್ದರು. ಛತ್ರಗಳಿಗೆಲ್ಲ ಟೇಬಲ್ಲು ಬಂದ ಮೇಲೆ ಎಲ್ಲರೂ ಪಾಸು. ಬಡಿಸುವವರ ಸೊಂಟ ಉಳಿಯಿತು, ಉಣ್ಣುವವರ ಮಂಡಿಯ ಸುದ್ದಿ ಮುಚ್ಚಿಹೋಯಿತು. ದೇವರ ಮುಂದೆ ಸತ್ಯನಾರಾಯಣ ಪೂಜೆಗೂ ಈಗ ಕುರ್ಚಿ.

ಹಿಡಿತಕ್ಕೂ ಯಂತ್ರವಿದೆ, ಹಿಡಿಕೆಯನ್ನು ಜೋರಾಗಿ ಅಮುಕಿದರೆ ಕಿಲೋ ತೋರಿಸುತ್ತದೆ. ಅದೇ ಏಷ್ಯಾದ ತಜ್ಞರ ಪ್ರಕಾರ ಗಂಡಸರಿಗೆ 28 ಕಿಲೋ, ಹೆಂಗಸರಿಗೆ 18 ಕಿಲೋ ದಾಟಬೇಕು. ರಾಯರ ಮನೆಯವರು ಆ ಹೊತ್ತಿಗೆ ದಪ್ಪ ಹೊದಿಕೆಯೊಂದನ್ನು ಹಿಂಡುತ್ತಿದ್ದರು. ನೀರು ಇಳಿದ ಪರಿ ನೋಡಿದರೆ ಯಂತ್ರ ತರಿಸುವ ಅಗತ್ಯ ಕಾಣಲಿಲ್ಲ.

ನನ್ನನ್ನು ಕೇಳಿದರೆ ನಾನು ಇವೆಲ್ಲ ಬಿಟ್ಟು ಸಾರಕ್ಕಿ ಮಾರುಕಟ್ಟೆಗೆ ಕಳಿಸುತ್ತೇನೆ. ಚೀಲ ಹಿಡಿದು, ಐನೂರರ ನೋಟು ಕೊಟ್ಟು, ಬೀನ್ಸು, ಸೊಪ್ಪು, ಎರಡು ಮೊಳ ಹೂವು ತನ್ನಿ ಅಂತ. ಮೊನ್ನೆ ಅಲ್ಲೊಬ್ಬ ಅಜ್ಜಿಯನ್ನು ನಿಂತು ನೋಡಿದೆ. ಬೀನ್ಸಿನ ರಾಶಿಯಿಂದ ಒಂದನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಮುರಿದರು. ಟಕ್ಕೆನ್ನಲಿಲ್ಲ, ಬಗ್ಗಿತು. ಕೈಬಿಟ್ಟು ಪಕ್ಕದವನ ಹತ್ತಿರ ಹೋದರು. ದಂಟಿನ ಸೊಪ್ಪಿನ ಕಂತೆ ಬಿಚ್ಚಿ ಒಳಗಿನ ಕೊಳೆತದ್ದನ್ನು ಹೊರಗೆಳೆದು ಅವನ ಮುಖಕ್ಕೇ ತೋರಿಸಿದರು. ಹೂವಿನವಳು ಮೊಳ ಹಾಕುವಾಗ ಮೊಣಕೈಯನ್ನು ಸ್ವಲ್ಪ ಮಡಚಿದ್ದು ಅವರ ಕಣ್ಣಿಗೆ ಬಿತ್ತು. "ನಿನ್ನ ಕೈ ಇವತ್ತು ಗಿಡ್ಡ ಆಯ್ತೇನೇ?" ಎಂದರು, ನಾಲ್ಕು ಬೆರಳು ಹೆಚ್ಚು ಬಂತು. ಚಿಲ್ಲರೆ ಎಣಿಸಿ ಹತ್ತು ರೂಪಾಯಿ ಕಡಿಮೆ ಎಂದು ಹಿಂದಿರುಗಿದರು. ಕಣ್ಣು, ಕಿವಿ, ಬೆರಳು, ಲೆಕ್ಕ, ನೆನಪು, ಜಗಳ, ಎಲ್ಲ ಒಂದೇ ಸುತ್ತಿನಲ್ಲಿ ಪರೀಕ್ಷೆಯಾಯಿತು. ಆದರೆ ಚೀಲವನ್ನು ಮನೆತನಕ ಹೊತ್ತದ್ದು ಮೊಮ್ಮಗ. ಅಂಗಡಿ ಕೆಲಸದಲ್ಲಿ ಆಕೆ ಸ್ವತಂತ್ರಳೋ ಅಲ್ಲವೋ? ಲಾಟನ್ ಪಟ್ಟಿಯ ಪ್ರಕಾರ ಜೊತೆಗೊಬ್ಬರು ಬೇಕಾದರೆ ಅಂಕವಿಲ್ಲ. ಮೊಮ್ಮಗನನ್ನು ಒಬ್ಬನೇ ಕಳಿಸಿದ್ದರೆ ಬಗ್ಗುವ ಬೀನ್ಸು, ಗಿಡ್ಡ ಮೊಳದ ಹೂವು, ಹತ್ತು ರೂಪಾಯಿ ನಷ್ಟ. ಅವನಿಗೆ ಮಾತ್ರ ಪೂರ್ತಿ ಅಂಕ! ಇಬ್ಬರೂ ಸೇರಿ ಮಾಡಿದ ಕೆಲಸಕ್ಕೆ ಒಬ್ಬೊಬ್ಬರನ್ನೇ ನಿಲ್ಲಿಸಿ ಅಂಕ ಹಾಕುವುದೇ ನನಗೆ ಒಗ್ಗದ ವಿಚಾರ. ನಮ್ಮ ಮನೆಗಳಲ್ಲಿ ಕೆಲಸ ಹಾಗೆ ನಡೆಯುವುದಿಲ್ಲ.

ಇದನ್ನು ಸ್ವಲ್ಪವಾದರೂ ಅರಿತವರು ಹರಿಯಾಣದ ಬಲ್ಲಭಗಢದಲ್ಲಿ ಕೆಲಸ ಮಾಡಿದ ಮೇರಿ ಗಂಗೂಲಿ, ವಿಜಯ್ ಚಂದ್ರ ಮೊದಲಾದವರ ತಂಡ. ಮರೆವಿನ ಕಾಯಿಲೆ ಯಾರಿಗಿದೆ ಎಂದು ಹುಡುಕಬೇಕಾಗಿತ್ತು. ಹಳ್ಳಿ, ಓದು ಬರದ ಹಿರಿಯರು. ಚೆಕ್ಕು ಬರೆಯುತ್ತೀರಾ, ಫೋನ್ ನಂಬರ್ ಹುಡುಕುತ್ತೀರಾ ಎಂದು ಕೇಳಿದರೆ ಊರಿಗೆ ಊರೇ ಕಾಯಿಲೆ ಎಂದಾಗುತ್ತಿತ್ತು. ಅದಕ್ಕೆ ಹಳ್ಳಿಯ ಬದುಕಿನಿಂದಲೇ ಪ್ರಶ್ನೆ ಆಯ್ದು 1999ರಲ್ಲಿ ಹನ್ನೊಂದರ ಪಟ್ಟಿ ಪ್ರಕಟಿಸಿದರು. ಊಟ ಮಾಡಿದ್ದನ್ನು ಮರೆತು ಮತ್ತೆ ಊಟ ಕೇಳುತ್ತಾರಾ? ಊರೊಳಗೆ ದಾರಿ ತಪ್ಪುತ್ತಾರಾ? ಹಬ್ಬಗಳು ನೆನಪಿವೆಯಾ? ಹೇಳಿಕಳಿಸಿದ ಸುದ್ದಿಯನ್ನು ನೆನಪಿಟ್ಟು ಮುಟ್ಟಿಸುತ್ತಾರಾ? ನಾಲ್ವರ ಜೊತೆ ಸೇರಿ ಕೆಲಸ ಮಾಡುತ್ತಾರಾ? ಮನೆಯಲ್ಲಿ ಮದುವೆಯಂಥ ಮಾತು ಬಂದಾಗ ತಮ್ಮ ಅಭಿಪ್ರಾಯ ಹೇಳುತ್ತಾರಾ? ಕೇಳುವುದು ಅವರನ್ನಲ್ಲ, ಮನೆಯವರನ್ನು. ಅಂದರೆ ಸೊಸೆ ಕಾಂಪೌಂಡಿಗೆ ಆತು ನಮ್ಮ ಹತ್ತಿರ ಹೇಳುವ ಮಾತುಗಳನ್ನೇ ಸಾಲಾಗಿ ಬರೆದುಕೊಂಡು ಅಂಕ ಕೊಟ್ಟರು.

ಆ ಹನ್ನೊಂದರಲ್ಲಿ ಇನ್ನೊಂದಿದೆ, ಅದನ್ನು ನಾನು ಕಡೆಗೆಂದೇ ಇಟ್ಟುಕೊಂಡಿದ್ದೆ. ಊರಿನ ಮದುವೆ, ಅನಾಹುತ, ರಾಜಕೀಯ, ಇಂಥ ವಿಷಯಗಳನ್ನು ಇತರರೊಂದಿಗೆ ಸರಿಯಾಗಿ ಚರ್ಚಿಸುತ್ತಾರಾ? ಅಂದರೆ ಹರಟೆ ಹೊಡೆಯುವುದು ದಿನನಿತ್ಯದ ಸಾಮರ್ಥ್ಯಗಳಲ್ಲಿ ಒಂದು ಎಂದು ಶಾಸ್ತ್ರೋಕ್ತವಾಗಿ ಅಚ್ಚಾಗಿದೆ ರಾಯರೇ, ಅಂದೆ.

ರಾಯರು ಎದೆಯುಬ್ಬಿಸಿ ಹೆಂಡತಿಯ ಕಡೆ ತಿರುಗಿದರು. ಆಕೆ ಖಾಲಿ ಬಕೆಟ್ಟನ್ನು ಎತ್ತಿಕೊಂಡು, "ಅದರಲ್ಲಿ ಇಬ್ರೂ ಫಸ್ಟ್ ಕ್ಲಾಸು, ಯಾರೂ ಇಲ್ಲ ಅನ್ನಲ್ಲ. ಈಗ ಆ ಗಂಡಸರಿಗೆ ಬಿಟ್ಟುಕೊಟ್ಟ ಮೂರಿದ್ಯಲ್ಲಾ, ಅದರಲ್ಲಿ ಒಂದು ಆರಿಸಿಕೊಂಡು ಒಳಗೆ ಬನ್ನಿ" ಎಂದರು.

ರಾಯರು ಬಟ್ಟೆ ಒಗೆಯುವುದನ್ನು ಆರಿಸಿಕೊಂಡರು. ಅವತ್ತಿನ ಬಟ್ಟೆ ಆಗಲೇ ಒಗೆದು ತಂತಿಯ ಮೇಲಿತ್ತು.